ಸಿಂಬಿ

ಮೊದಲು ಆನೆ ಬರೆದೆ.
ಆನೆ ಆಗಲೇ ಎಲ್ಲರದೂ ಆಗಿತ್ತು.
ಕಾಲು ಮೂಡಿದ ಮಾವಿನಹಣ್ಣು ಬರೆದೆ,
ನಕ್ಕಿತು; ಆದರೆ ಅದು ಜ್ಯೂಸ್ ಮಾರುವವರ ನಗೆ.
ಮೊಲಕ್ಕೆ ಕನ್ನಡಕ ಹಾಕಿದೆ, ತೆಗೆದೆ.
ಸುಲ್ತಾನಪೇಟೆ, ಮೂರನೇ ಮಹಡಿ.
ಕೆಳಗೆ ಲಗ್ನಪತ್ರಿಕೆ ಕತ್ತರಿಸುವ ಯಂತ್ರ
ದಿನವಿಡೀ ಗಕ್ಕ್ ಗಕ್ಕ್ ಎಂದು
ಯಾರ ಯಾರದೋ ಹೆಸರಿನ ಅಂಚು ಸವರುತ್ತಿತ್ತು.
ಮೇಲೆ ನನ್ನ ರಬ್ಬರಿಗೂ ಅದೇ ಕೆಲಸ.

ಮೈಥಿಲಿ ಮೇಡಂ ಫೋನಿನಲ್ಲಿ ಹೇಳಿದ್ದರು:
ಮೂರು ವರ್ಷದ ಮಗು ಬರೀ ನೆರಳು ನೋಡಿ ಗುರುತು ಹಿಡಿಯಬೇಕು.
ಉಗುರು ಬೇಡ. ಹಲ್ಲು ಬೇಡ.
ಗಂಡೋ ಹೆಣ್ಣೋ ಗೊತ್ತಾಗಬಾರದು,
ಯಾವ ಊರಿನದು ಅಂತಲೂ.
ನಾಳೆ ಟೂತ್‌ಬ್ರಶ್ಶಿನ ಹಿಡಿಯ ಮೇಲೆ ಕೂರಿಸಿದರೂ
ಕೂರುವಂತಿರಬೇಕು.
ಹಲ್ಲಿಲ್ಲದ್ದು ಅಲ್ಲಿ ಕೂತು ಏನು ಮಾಡುತ್ತೆ
ಎಂದು ನಾನು ಕೇಳಲಿಲ್ಲ.
ಅಡ್ವಾನ್ಸ್ ಖರ್ಚಾಗಿತ್ತು.

ಆ ಸಂಜೆ ಮಾಗಡಿ ರಸ್ತೆಯಲ್ಲಿ ಬಸ್ಸು ನಿಂತೇಬಿಟ್ಟಿತು.
ಕಿಟಕಿಗೆ ಸರಿಯಾಗಿ ಒಂದು ಹೊಂಗೆ ಮರ,
ಕೊಂಬೆಗೆ ಸಿಕ್ಕಿಸಿದ ಕಪ್ಪು ಕೇಬಲ್ಲಿನ ಸುರುಳಿ.
ಊರ ತುಂಬ ನೇತಾಡುತ್ತವೆ ಇವು,
ಕಟ್ಟಿದವರು ಯಾರೋ, ಬಿಚ್ಚುವವರು ಯಾರೋ,
ನೋಡಿ ನೋಡಿ ಕಣ್ಣು ಇವನ್ನು ನೋಡುವುದೇ ಬಿಟ್ಟಿದೆ.
ಇದರ ಒಂದು ತುದಿ ಮಾತ್ರ ಜೋತುಬಿದ್ದಿತ್ತು.
ಬಾಲ, ಅಂದುಕೊಂಡೆ.
ಗಾಳಿ ಬೀಸಿತು.
ಬಾಲವೇ.

ಟಿಕೆಟ್ಟಿನ ಬೆನ್ನಿಗೆ ಪೆನ್ನು ಎತ್ತದೆ ಸುತ್ತಿದೆ:
ಒಂದು ಸುತ್ತು, ಎರಡು, ಮೂರು, ಕೊನೆಗೊಂದು ಎಳೆ ಹೊರಗೆ.
ಶ್ರೀರಾಂಪುರದಲ್ಲಿ ನಲ್ಲಿ ಮನೆಯೊಳಗೆ ಬರುವ ಮುಂಚೆ
ಅಮ್ಮ ಹರಿದ ಸೀರೆಯನ್ನು ಹೀಗೇ ಸುತ್ತಿ
ನೆತ್ತಿಗಿಟ್ಟು ಕೊಡ ಹೊರುತ್ತಿದ್ದಳು.
ಹೆಸರು ಕೇಳದೇ ಬಂದು ಕೂತಿತು.

ಕಣ್ಣಿಗೆ ನಾಲ್ಕು ದಿನ ಹಿಡಿಯಿತು.
ಹತ್ತಿರ ತಂದರೆ ಕಳ್ಳ, ದೂರ ಇಟ್ಟರೆ ಕುರಿ.
ಕೆಳಕ್ಕೆ ಇಳಿಸಿದಷ್ಟೂ ಹಣೆ ಅಗಲವಾಗಿ
ಎರಡೂ ಬಾಯಿಯ ಪಕ್ಕಕ್ಕೆ ಬಂದು ನಿಂತಾಗ
ಅನ್ಸರ್ ಚಹಾದ ಲೋಟ ಕೆಳಗಿಟ್ಟು
'ಈಗ ಉಸಿರಾಡ್ತಾ ಇದೆ' ಎಂದ.
ಕಪ್ಪು ಬೇಡ, ಮಕ್ಕಳು ಹೆದರ್ತಾರೆ, ಎಂದರು ಮೇಡಂ.
ಯಾರ ಮಕ್ಕಳು ಎನ್ನಬೇಕಿತ್ತು.
ನೇರಳೆಗೆ ಒಪ್ಪಿದೆ. ಅದೊಂದು ಸೋತೆ.

ಶನಿವಾರ ಲಗ್ಗೆರೆಯ ಅಂಗನವಾಡಿ.
ಪುಟ್ಟಲಿಂಗಮ್ಮ ಟೀಚರ್ ಉಪ್ಪಿಟ್ಟಿನ ಕೈ ಒರೆಸಿ
ಮಕ್ಕಳನ್ನು ಚಾಪೆಯ ಮೇಲೆ ಸಾಲಾಗಿ ಕೂರಿಸಿದರು.
ನೆರಳಿನ ಹಾಳೆ ಎತ್ತಿ ಹಿಡಿದೆ.
'ಚಕ್ಕುಲಿ!' ಎಂದಿತು ಇಡೀ ಶಾಲೆ.
ಒಬ್ಬ ಮಾತ್ರ ಹಾವು ಎಂದು ಅತ್ತ.

ಟ್ಯಾಬಿನಲ್ಲಿ ಅದು ನಡೆಯಿತು, ಉರುಳಿತು,
ಗೋಡೆಗೆ ಡಿಕ್ಕಿ ಹೊಡೆದು ಸ್ಪ್ರಿಂಗಾಯಿತು.
ನಕ್ಕರು. ನನ್ನ ಎದೆ ಸ್ವಲ್ಪ ಇಳಿಯಿತು.
ಸೆಂಟ್ರಿಂಗ್ ಕೆಲಸದವರ ಮಗಳು ಭಾಗಮ್ಮ,
ಕಲಬುರಗಿ ಕಡೆಯವಳು, ನಾಲ್ಕು ವರ್ಷ,
ನಗದೆ ಹತ್ತಿರ ಬಂದಳು.
ಪರದೆಯನ್ನು ತಿರುಗಿಸಿ ಅದರ ಹಿಂಭಾಗ ಹುಡುಕಿದಳು.
'ಇದಕ್ಕ ಉಚ್ಚಿ ಬಂದ್ರ ಏನ್ ಮಾಡ್ತದ?'

ಎರಡು ತಿಂಗಳು.
ಹುಬ್ಬಿನ ದಪ್ಪ, ರೆಪ್ಪೆಯ ವೇಗ,
ಕೂತರೆ ಎಷ್ಟು ಅಗಲ, ಹೆದರಿದರೆ ಎಷ್ಟು ಗಿಡ್ಡ,
ಎಲ್ಲ ಬರೆದಿಟ್ಟ ನೋಟ್‌ಬುಕ್ಕಿನಲ್ಲಿ
ಇದೊಂದು ಇರಲಿಲ್ಲ.
'ಬಾಲ ಎತ್ತುತ್ತೆ' ಎಂದೆ,
ಬೆರಳಲ್ಲಿ ತೋರಿಸಿ.

ಅವಳು ಯೋಚಿಸಿದಳು,
ಮೂಗು ಒರೆಸಿಕೊಳ್ಳುವಷ್ಟು ಹೊತ್ತು.
'ಹಂಗಾದ್ರ ಖರೇ ಅದ' ಎಂದು
ಹೋಗಿ ತನ್ನ ಜಾಗದಲ್ಲಿ ಕೂತಳು.

ಸೋಮವಾರ ಫೈಲು ಕಳಿಸಿದೆ.
ಮುಂದಿನಿಂದ, ಪಕ್ಕದಿಂದ, ಬೆನ್ನಿನಿಂದ,
ಸಿಟ್ಟು, ನಿದ್ದೆ, ಹಸಿವು, ನಾಚಿಕೆ.
ಮೇಡಂ ರಾತ್ರಿ ಕೇಳಿದರು:
ಕೊನೆಯ ಚಿತ್ರ, ಬಾಲ ಎತ್ತಿ ನಿಂತಿರೋದು,
ಅದು ಯಾವ ಭಾವ?

ನಿರಾಳ ಮೇಡಂ,
ಎಂದು ಬರೆದೆ.