ಮೂರನೆಯ ಹೆಜ್ಜೆ

ಹದಿನೇಳು ಹೆಜ್ಜೆ ಬರೆದಿದ್ದೆ ನಾನೇ,
ಹುಡುಕುವ ಸರ್ವರನ್ನು ಹೂಡುವ ಬಗೆ.
ಎಲ್ಲರೂ ನಿಲ್ಲುತ್ತಿದ್ದದ್ದು ಮೂರನೆಯದರಲ್ಲಿ:
ಜಾವಾ ಬೇಕು, ಇಂಥದ್ದೇ ಬೇಕು,
ಇದ್ದದ್ದು ಹಳತಾದರೆ ಅದನ್ನು ಕಿತ್ತು...
ವಾಮನನಿಗಾದರೂ ಒಂದು ತಲೆ ಸಿಕ್ಕಿತ್ತು.
ನನಗೆ ಸಿಕ್ಕಿದ್ದು
‘ಆಮೇಲೆ ನೋಡ್ತೀನಿ ಮೇಡಂ.’

ಬಿಟ್ಟಿ ಸಾಫ್ಟ್‌ವೇರು. ಒಳಗನ್ನೂ ಬಿಚ್ಚಿಟ್ಟಿದ್ದೇವೆ,
ಯಾರು ಬೇಕಾದರೂ ಕೈಯಾಡಿಸಬಹುದು.
ಆದರೆ ಅರಸೀಕೆರೆ ಬಸ್‌ಸ್ಟ್ಯಾಂಡಿನಲ್ಲಿ
ಬಾಯಾರಿ ನಿಂತವನಿಗೆ
ತೆಂಗಿನಮರ ತೋರಿಸಿ ಹತ್ತು ಎಂದರೆ?
ಕೊಚ್ಚಿ, ತೂತು ಮಾಡಿ, ಕೈಗೆ ಕೊಡಬೇಕು.

ಈ ಬೇಸಿಗೆ ಕಾಲೇಜಿಗೆ ರಜೆ ಬಿಟ್ಟಾಗ
ಜಾವಾವನ್ನೂ ಜೊತೆಗೇ ಕಟ್ಟಿದೆ,
ಬುತ್ತಿಯಲ್ಲಿ ಉಪ್ಪಿನಕಾಯಿ ಇಟ್ಟ ಹಾಗೆ,
ಹೋದಲ್ಲಿ ಕೇಳಬಾರದು.
ಎಂಟು ಸಾವಿರದ ಎಂಬತ್ತನೆ ಬಾಗಿಲಲ್ಲಿ
ಬೇರೆ ಯಾರಾದರೂ ಕೂತಿದ್ದರೆ
ಜಗಳವಾಡದೆ ಪಕ್ಕದ ಬಾಗಿಲಿಗೆ ಹೋಗು ಎಂದು ಕಲಿಸಿದೆ.
ನೆಟ್ ಇಲ್ಲದೆಯೂ ಏಳಬೇಕು. ಮುಚ್ಚಿದರೆ
ಗುರುತು ಬಿಡದೆ ಹೊರಡಬೇಕು.

ಒಳಗೆ ಏನು ಹಾಕುವುದು?
ಖಾಲಿ ಡಬ್ಬಿಯಲ್ಲಿ ಹುಡುಕಿ ತೋರಿಸಲಾಗದು.
ಇಂಗ್ಲಿಷ್ ಸಿನಿಮಾಗಳ ಪಟ್ಟಿ ಹಾಕಿ ಎಂದರು ಜೊತೆಯವರು,
ಎಲ್ಲರೂ ಅದನ್ನೇ ಹಾಕುತ್ತಾರಂತೆ.
ನಾನು ಬಿ.ಎಚ್. ರಸ್ತೆಯ ನಂಜೇಶಪ್ಪನವರ
ಪಂಪ್‌ಸೆಟ್ ಅಂಗಡಿಗೆ ಹೋದೆ.
ನಾಲ್ಕು ಸಾವಿರದ ಮುನ್ನೂರು ಬಿಡಿಭಾಗ.
ಲೆಕ್ಕದ ಪುಸ್ತಕದಲ್ಲಿ ಒಂದೇ ಸಾಮಾನು
ವಾಷರ್, ವಾಸರ್, ವೈಸರ್.
ರಾತ್ರಿಗಟ್ಟಲೆ ಟೈಪು ಮಾಡಿದೆ, ತಿದ್ದಲಿಲ್ಲ.
ತಪ್ಪು ಬರೆದವನಿಗೂ ಸಿಕ್ಕರೆ ತಾನೇ
ಅದು ಹುಡುಕು.

ಭಾನುವಾರ, ಪೆನ್‌ಡ್ರೈವ್.
ಕೀಬೋರ್ಡಿನ ಮೇಲೆ ಗ್ರೀಸು, ಪರದೆಯ ಮೂಲೆಯಲ್ಲಿ ಕುಂಕುಮ.
ಎರಡು ಸಲ ಒತ್ತಿದೆ. ಫ್ಯಾನು ಗುರ್ರೆಂದಿತು.
ಹನ್ನೆರಡು ಸೆಕೆಂಡು ಯಾರೂ ಮಾತಾಡಲಿಲ್ಲ.
ಬಿಳಿ ಪುಟ, ನಡುವೆ ಉದ್ದನೆಯ ಪೆಟ್ಟಿಗೆ.

ನಂಜೇಶಪ್ಪ ಒಂದೇ ಬೆರಳಲ್ಲಿ
‘ವೈಸರ್’ ಬರೆದರು.
ಮೂರೂ ಹೆಸರಿನವು ಸಾಲಾಗಿ ಬಂದು ನಿಂತವು.
‘ಅಲೆಲೆ’ ಎಂದರು. ಅಷ್ಟೇ.

ಏಣಿಯ ಮೇಲಿದ್ದ ಖಲಂದರ್ ಸಾಬರು
ಇಪ್ಪತ್ತೆರಡು ವರ್ಷದಿಂದ ಅಲ್ಲೇ ಇರುವವರು,
ಅಲ್ಲಿಂದಲೇ ಕೇಳಿದರು:
‘ಹಾರನಹಳ್ಳಿ ಗೌರಮ್ಮನ ಬೋರಿಗೆ
ಹೋದ ಸಲ ಹಾಕಿದ್ವಲ್ಲ, ಅದು?’
ಹಾಗೆಯೇ ಬರೆದೆ.
ಸೊನ್ನೆ ಫಲಿತಾಂಶ.
ಅವರು ಆಗಲೇ ಕೈ ಹಿಂದಕ್ಕೆ ಚಾಚಿ
ಒಂದು ತಗಡಿನ ಡಬ್ಬಿ ಅಲ್ಲಾಡಿಸುತ್ತಿದ್ದರು.
ನಗಲಿಲ್ಲ. ನನಗೇ ನಗು ಬಂತು.

ಮನೆಗೆ ಬಂದು ಹದಿನೇಳನ್ನೂ ಅಳಿಸಿ ಬರೆದೆ:
ಒಂದು, ಎರಡು ಸಲ ಒತ್ತಿ.
ಎರಡು, ಬೇಕಾದ್ದನ್ನು ಬರೆಯಿರಿ.
ಮೂರು, ಸಿಗದಿದ್ದರೆ ಖಲಂದರ್ ಸಾಬರನ್ನು ಕೇಳಿ.

ಯಾವುದೋ ಊರಲ್ಲಿ ಯಾರೋ
ಈ ಮೂರನೆಯದರಲ್ಲೂ ನಿಲ್ಲುತ್ತಾರೆ, ಗೊತ್ತು.
ಯಾರಪ್ಪ ಇವರು ಎಂದು
ಪೆಟ್ಟಿಗೆಯಲ್ಲಿ ಆ ಹೆಸರನ್ನೇ ಬರೆದು ನೋಡುತ್ತಾರೆ.
ಅದಕ್ಕೇ ಪಟ್ಟಿಯ ಕೊನೆಗೆ
ಇನ್ನೊಂದು ಸಾಲು ಸೇರಿಸಿದ್ದೇನೆ.
ಹೆಸರಿದೆ, ಜಾಗ: ಏಣಿಯ ಮೇಲೆ.
ದರದ ಕಾಲಮ್ಮು ಖಾಲಿ.