ಮೇಟಗಳ್ಳಿಯಲ್ಲಿ ಬಜೆಟ್ ರಾತ್ರಿ

ಇವರು ಇಪ್ಪತ್ತಾರು ವರ್ಷ ನೋಟು ಅಚ್ಚು ಹಾಕಿದವರು.
ನನ್ನ ತಮ್ಮ ಶಿವಮಲ್ಲು ಬಣ್ಣದ ಕಾರ್ಖಾನೆಯಲ್ಲಿ
ಓಟಿನ ಶಾಯಿಯ ಸೀಸೆಗೆ ಬಿರಡೆ ಬಿಗಿದವನು.
ಇವರು ಮಾಡಿದ್ದು ಒಂದು ಕೈಲಿ ನಿಲ್ಲೋದಿಲ್ಲ,
ಅವನು ಮಾಡಿದ್ದು ಬೆರಳು ಬಿಟ್ಟು ಹೋಗೋದಿಲ್ಲ.
ಇಬ್ಬರೂ ಈಗ ನಮ್ಮ ಜಗಲಿ ಮೇಲೆ,
ಬಜೆಟ್ ಓದಿದ ದಿನ, ರಾತ್ರಿ ಎಂಟಕ್ಕೆ.

ಹುಟ್ಟೋ ಕೂಸಿನ ತಲೆ ಮೇಲೂ ಸಾಲವಂತೆ ಭಾವ,
ಅಂತಾನೆ ಶಿವಮಲ್ಲು, ಪೇಪರಿನ ಅಂಕಿಗೆ ಬೆರಳಿಟ್ಟು.
ಉಗುರಲ್ಲಿ ಹೋದ ಚುನಾವಣೆಯ ಕಪ್ಪು
ಇನ್ನೂ ತುದಿಗೆ ಬಂದಿಲ್ಲ, ಆಗಲೇ ಬೈಗುಳ.
ಆ ಕೂಸಿಗೆ ಚುಚ್ಚಿದ ಲಸಿಕೆ
ಅದನ್ನ ಯಾರ ತಲೆ ಮೇಲೆ ಬರೀತೀಯೋ, ಅಂತಾರೆ ಇವರು.
ಬಿಟ್ಟಿ ಕರೆಂಟು, ಬಿಟ್ಟಿ ಬಸ್ಸು, ಅಂತ ಅವನು.
ಬಿಟ್ಟಿ ಅನ್ನಬೇಡ, ನಿಮ್ಮಕ್ಕ ಅದೇ ಬಸ್ಸಲ್ಲಿ,
ಅಂತ ಇವರು ನನ್ನ ಕಡೆ ತಿರುಗಿದರು.
ನಾನು ಸೊಪ್ಪು ಬಿಡಿಸುತ್ತಿದ್ದೆ. ತಲೆ ಎತ್ತಲಿಲ್ಲ.

ಎದುರುಮನೆ ಪಿಯುಸಿ ಹುಡುಗ ಕಾಂಪೌಂಡಿಗೆ ಆನಿಕೊಂಡು:
ತಾತ, ನೀವೇ ಪ್ರಿಂಟ್ ಮಾಡ್ತಿದ್ರಲ್ಲ,
ಇನ್ನೊಂದು ನಾಲ್ಕು ಲಾರಿ ಜಾಸ್ತಿ ಹೊಡೆದು
ದೇಶದ ಸಾಲ ತೀರಿಸಿಬಿಡಬಾರದಿತ್ತಾ?

ಇವರು ಕೆಮ್ಮು ಬರೋವರೆಗೂ ನಕ್ಕರು.
ಆಮೇಲೆ ಆ ಹಳೆಯ ಕತೆ, ನನಗೆ ಬಾಯಿಪಾಠ:
ಒಂದು ರಾತ್ರಿ ಒಂದು ಹಾಳೆ ಕಮ್ಮಿ ಬಂತು.
ಜೇಬು ತಿರುವಿ, ಬೂಟು ಬಿಚ್ಚಿ, ಬುತ್ತಿ ಡಬ್ಬಿ ಕವುಚಿ
ಮೂರು ಗಂಟೆವರೆಗೂ ಒಬ್ಬರನ್ನೂ ಮನೆಗೆ ಬಿಡಲಿಲ್ಲ.
ಕೊನೆಗೆ ಅದು ಮೆಷೀನಿನ ಅಡಿಗೆ ಅಂಟಿತ್ತು.
ಕತೆಯಲ್ಲಿ ಇವರು ಬಿಟ್ಟುಬಿಡೋದು ಒಂದೇ:
ಆ ತಿಂಗಳು ಸ್ಕೂಟರ್ ರಿಪೇರಿಗೆ
ನನ್ನ ಸಾಸಿವೆ ಡಬ್ಬಿಯಿಂದ ಕೈಗಡ ತಗೊಂಡಿದ್ದರು.

ಈಗ ಇವರು ನೂರರ ನೋಟೊಂದನ್ನು ದೀಪಕ್ಕೆ ಹಿಡಿದು,
ನಾಲ್ಕನೇ ಸಾಲಲ್ಲಿ ಕನ್ನಡ ಇದೆ ನೋಡು, ಅಂತ
ಮೊದಲು ಅದನ್ನೇ ತೋರಿಸಿ (ಯಾವಾಗಲೂ ಹಾಗೇ),
ಇಲ್ಲಿ ಓದು: ಧಾರಕನಿಗೆ ಕೊಡುತ್ತೇನೆಂದು ವಚನ.
ಇದೂ ಸಾಲದ ಪತ್ರವೇ ಕಣೋ ಮಲ್ಲು,
ಜೇಬಲ್ಲಿ ಮಡಿಚಿಟ್ಟುಕೊಂಡು ಸಾಲ ಬೇಡ ಅಂತೀಯ.
ಅವನು ಬಿಡುತ್ತಾನೆಯೇ:
ನೀವು ಕೆಲಸಕ್ಕೆ ಸೇರಿದ ವರ್ಷ ಈ ನೂರಕ್ಕೆ
ನಾಲ್ಕು ಕೇಜಿ ತೊಗರಿಬೇಳೆ. ಈಗ ಮುಕ್ಕಾಲು.
ವಚನ ಹಂಗೇ ಐತೆ ಭಾವ, ಬೇಳೆ ಎಲ್ಲಿ?

ಇದಕ್ಕೆ ಇವರ ಹತ್ತಿರ ಉತ್ತರ ಇರಲಿಲ್ಲ.
ಕಾಫಿ ಅಂದರು.

ಹಾಲು ಕಾಯೋವರೆಗೆ ನನ್ನ ಚೀಟಿ ಪುಸ್ತಕ ತೆಗೆದೆ.
ಹನ್ನೊಂದು ಹೆಂಗಸರು, ತಿಂಗಳಿಗೆ ಎರಡೆರಡು ಸಾವಿರ.
ಈ ಸಲ ಮಗಳ ನರ್ಸಿಂಗ್ ಫೀಜಿಗೆ ಜಬೀನಾ
ನಾಲ್ಕು ಸಾವಿರ ಬಿಟ್ಟು ಕೂಗಿದಳು, ಕೊಟ್ಟೆವು.
ಹೋದ ಸಲ ಸುಂದ್ರಮ್ಮಣ್ಣಿ ಸೋಫಾಕ್ಕೆ ಅಂತ ಕೂಗಿದಾಗ
ಎಲ್ಲರೂ ಮುಖ ಮುಖ ನೋಡಿದೆವು, ಆದರೂ ಕೊಟ್ಟೆವು.
ಸಾಲ ಒಳ್ಳೇದಾ ಕೆಟ್ಟದ್ದಾ ಅಂತ
ನಮ್ಮಲ್ಲಿ ಇವತ್ತಿನವರೆಗೆ ಯಾರೂ ಕೇಳಿಲ್ಲ.
ಯಾತಕ್ಕೆ ಅಂತ ಕೇಳ್ತೀವಿ. ಸುಳ್ಳು ಹೇಳಿದರೂ ಕೇಳ್ತೀವಿ.

ಎರಡನೇ ತಿಂಗಳೇ ಎತ್ತಿಕೊಂಡ ದೊಡ್ಡತಾಯಮ್ಮ
ಕ್ಯಾತಮಾರನಹಳ್ಳಿಗೆ ಮನೆ ಬದಲಾಯಿಸಿ
ಎರಡು ಕಂತು ಕಟ್ಟಿಲ್ಲ, ಫೋನೂ ಎತ್ತೋಲ್ಲ.
ಆ ನಾಲ್ಕು ಸಾವಿರ ಇವರ ಪೆನ್ಷನ್ನಿನಿಂದ ತುಂಬಿದೀನಿ.
ಹೊರಗೆ ಇವರು ವಿತ್ತೀಯ ಕೊರತೆ ಅಂದರೇನು ಅಂತ
ಹುಡುಗನಿಗೆ ಬಿಡಿಸಿ ಹೇಳುತ್ತಿದ್ದಾರೆ,
ಗಂಟಲು ಸರಿ ಮಾಡಿಕೊಂಡು, ಸೊಗಸಾಗಿ.

ಹಾಲು ಉಕ್ಕೋಕೆ ಬಂತು.
ಪುಟದ ಗುರುತಿಗೆ ಇಟ್ಟ ಬಸ್ ಟಿಕೆಟ್ಟಿನಲ್ಲಿ
ಮೊತ್ತದ ಜಾಗಕ್ಕೆ ಸೊನ್ನೆ.
ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದೆ:
ದೊಡ್ಡತಾಯಮ್ಮ, ೪೦೦೦, ನಾಳೆ ಹತ್ತೂವರೆ ಬಸ್ಸು.
ಮಲ್ಲೂ, ಹೋಗಿ ಬರೋ ಖರ್ಚು ನಿಂದೇ ಕಣಪ್ಪ.