ಸಾಲು ಹತ್ತೊಂಬತ್ತು

ಮುಂದಿನ ಮೂವತ್ತು ವರ್ಷದ ನೀರಿನ ಅಪಾಯಗಳನ್ನೆಲ್ಲ
ಈ ಶುಕ್ರವಾರ ಸಂಜೆ ಐದರೊಳಗೆ
ಕಳಿಸಬೇಕಂತೆ.
ಐದು ಕಾಲಂ: ಅಪಾಯ, ಸಾಧ್ಯತೆ, ಪರಿಣಾಮ,
ಕ್ರಮ, ಹೊಣೆ.
ಖಾಲಿ ಬಿಟ್ಟರೆ ಫಾರಂ ಮುಂದಕ್ಕೆ ಹೋಗುವುದಿಲ್ಲ.

ಪಂಪ್‌ಹೌಸಿನ ಬೀರುವಿನಲ್ಲಿ ಮಳೆಯ ಪುಸ್ತಕಗಳಿವೆ,
ಇಲಿ ತಿಂದು ಉಳಿಸಿದ ಆಷಾಢಗಳು.
ಒಬ್ಬರದು ಮೋಡಿ ಅಕ್ಷರ, ಒಬ್ಬರದು ದುಂಡು,
ಇನ್ನೊಬ್ಬರು ಮಿಲಿಮೀಟರಿನ ಪಕ್ಕ
'ಆರಿದ್ರಾ, ಬಿಡುವಿಲ್ಲ' ಎಂದು ಬರೆದು
ಕೆಳಗೆ ಗೆರೆ ಎಳೆದಿದ್ದಾರೆ.
ಎಲ್ಲ ಕೂಡಿಸಿ ಭಾಗಿಸಿದೆ. ಸರಾಸರಿ ಸಿಕ್ಕಿತು.
ಮತ್ತೆ ಒಂದೊಂದೇ ಪುಟ ಹುಡುಕಿದೆ:
ಆ ಸರಾಸರಿ ಮಳೆ ಯಾವ ವರ್ಷವೂ
ಚಿಕ್ಕಮಗಳೂರಿಗೆ ಬಂದೇ ಇಲ್ಲ.
ಬಾರದ ನೆಂಟನಿಗೆ ಎಲೆ ಹಾಕಿಕೊಂಡು
ನಮ್ಮ ಪೈಪು, ನಮ್ಮ ಟ್ಯಾಂಕು, ನಮ್ಮ ಮೋಟರು
ಸಾಲಾಗಿ ಕೂತಿವೆ ಇಷ್ಟು ದಿನ.

ಸಾಲು ಒಂದು: ನೆರೆ.
ಆ ಆಗಸ್ಟಿನಲ್ಲಿ ಕೆಂಪು ನೀರು ಮೆಟ್ಟಿಲು ಹತ್ತಿ ಬಂದು
ಸ್ಟಾರ್ಟರ್ ಪೆಟ್ಟಿಗೆಯೊಳಗೆ ಕೈಹಾಕಿತ್ತು.
ಬೀದಿ ತುಂಬ ನೀರು, ನಲ್ಲಿಯಲ್ಲಿ ಗಾಳಿ.
ಕೊಡೆ ಹಿಡಿದ ಹೆಂಗಸರು ಟ್ಯಾಂಕರಿಗೆ ಕ್ಯೂ ನಿಂತಿದ್ದರು.
ಕ್ರಮ: ಮೋಟರನ್ನು ಎಂಟು ಅಡಿ ಮೇಲಕ್ಕೆತ್ತುವುದು.
"ಒಂಬತ್ತು ಮಾಡಿ," ಎಂದರು ವಾಲ್ವ್‌ಮನ್ ದ್ಯಾವಯ್ಯ,
ಗೋಡೆಯ ಕಲೆ ತೋರಿಸಿ.
"ಇದು ಹೋದ ಸಲದ್ದು. ಬರೋದು ಅಳತೆ ಕೊಟ್ಟು ಬರ್ತದಾ?"

ಸಾಲು ನಾಲ್ಕು: ಹೂಮಳೆ.
ಇದು ನಮಗೆ ಸಂಬಂಧಿಸಿದ್ದಲ್ಲ ಎಂದು
ಮೇಲಿನವರು ಹೊಡೆದುಹಾಕಬಹುದು.
ಆದರೆ ಮಾರ್ಚಿನ ಆ ಒಂದು ಮಳೆ ಕೈಕೊಟ್ಟರೆ
ಗಿರಿಯ ಇಳಿಜಾರಿನ ಸ್ಪ್ರಿಂಕ್ಲರುಗಳೆಲ್ಲ
ಒಂದೇ ವಾರದಲ್ಲಿ ತಿರುಗತೊಡಗುತ್ತವೆ.
ಕಾಫಿಯ ಮೊಗ್ಗಿಗೆ ಕಾಯುವ ವ್ಯವಧಾನವಿಲ್ಲ.
ತಪ್ಪೂ ಅಲ್ಲ.
ಹತ್ತನೇ ದಿನ ಬೆಟ್ಟ ಬೆಳ್ಳಗೆ ಘಮಘಮಿಸುವಾಗ
ಹಳ್ಳ ನಮ್ಮ ಕೆರೆಯ ದಾರಿ ಮರೆತಿರುತ್ತದೆ.
ಆ ಪರಿಮಳದಲ್ಲೇ ಕೂತು ನಾನು
ಉಪ್ಪಳ್ಳಿಗೆ ಮೂರು ದಿನಕ್ಕೊಮ್ಮೆ ಎಂಬ ನೋಟೀಸು
ಟೈಪಿಸುತ್ತಿರುತ್ತೇನೆ.

ಸಾಲು ಏಳು: ಕೆರೆ ಬಿಸಿಯಾಗಿ ಹಸಿರಾಗುವುದು.
(ಪಟಿಕ ದುಪ್ಪಟ್ಟು. ಆದರೂ ಟೀ ಪಾಚಿ ವಾಸನೆ.)

ಬರ ಆಕಾಶದಿಂದ ಬರುತ್ತದೆಂದು ಓದಿದ್ದೆ.
ಹತ್ತು ಕೊಡ ಬಿಟ್ಟರೆ ಮೂರು ಕೊಡ
ಡಾಂಬರಿನ ಕೆಳಗೇ ಇಳಿದುಹೋಗುತ್ತದೆ ಇಲ್ಲಿ.
ಸೆನ್ಸರ್ ಬರುತ್ತದೆ, ಮೊದಲು ಟೆಂಡರ್ ಆಗಬೇಕು.
ಅಲ್ಲಿಯವರೆಗೆ, ರಾತ್ರಿ ಎರಡಕ್ಕೆ,
ಕಬ್ಬಿಣದ ಸಲಾಕೆಯ ಒಂದು ತುದಿ ಪೈಪಿಗೆ
ಇನ್ನೊಂದು ಕಿವಿಗೆ ಇಟ್ಟು
ಬೀಡಿ ಆರಿಸಿ ನಿಲ್ಲುತ್ತಾರೆ ದ್ಯಾವಯ್ಯ.
ನಾಯಿಗಳೂ ಅವರಿಗೆ ಬೊಗಳುವುದಿಲ್ಲ.
"ಇಲ್ಲಲ್ಲ. ಆ ಟೈಲರ್ ಅಂಗಡಿ ಮುಂದೆ ಅಗೀರಿ."
ಅಗೆದರೆ, ಅಲ್ಲೇ.

ಯಾವ ವಾಲ್ವು ಎಷ್ಟು ಸುತ್ತು, ಯಾವುದು ಹಟ ಮಾಡಿ
ಎಡಕ್ಕೇ ತಿರುಗುತ್ತದೆ, ಯಾವ ಗುಂಡಿಯ ಮೇಲೆ
ಯಾರು ಕಾಂಪೌಂಡು ಎಬ್ಬಿಸಿದ್ದಾರೆ,
ನಕ್ಷೆಯಲ್ಲಿಲ್ಲ.

ಸಾಲು ಹತ್ತೊಂಬತ್ತಕ್ಕೆ ಬಂದಾಗ ಕೈ ತಡೆಯಿತು.
ಅಪಾಯ: ಏಪ್ರಿಲ್ ಮೂವತ್ತಕ್ಕೆ ದ್ಯಾವಯ್ಯನವರ ನಿವೃತ್ತಿ.
ಸಾಧ್ಯತೆ: ಖಚಿತ.
ಪರಿಣಾಮ: ಐದಕ್ಕಿಂತ ದೊಡ್ಡ ಅಂಕಿ ಹಿಡಿಯುವುದಿಲ್ಲ ಚೌಕ.
ಹೊಣೆ: ಫ್ಲೇವಿಯಾ ಮೆನೇಜಸ್, ಕಿರಿಯ ಎಂಜಿನಿಯರ್.
ಕ್ರಮ?

ನಿನ್ನೆ ರಾತ್ರಿ ಕೋಟೆಯ ತಿರುವಿನಲ್ಲಿ
ಸಲಾಕೆಯನ್ನು ನನ್ನ ಕೈಗೆ ಕೊಟ್ಟರು.
ತಣ್ಣನೆ ಕಬ್ಬಿಣ ಓಲೆಗೆ ತಾಗಿ ಕಿಣಿ ಎಂದಿತು.
"ಓಲೆ ಬಿಚ್ಚಿಡಿ ಮೇಡಂ."
ಬಿಚ್ಚಿದೆ.
"ಏನ್ ಕೇಳ್ತದೆ?"
ಏನಿಲ್ಲ. ಧಗ್ ಧಗ್ ಅಂತಿದೆ.
"ಅದು ನಿಮ್ಮದು. ಪೈಪಿಂದಲ್ಲ. ತಡೀರಿ."
ತಡೆದೆ. ಕಡೂರಿನ ಕಡೆ ಒಂದು ಲಾರಿ ಹೋಯಿತು.
ಆಮೇಲೆ, ತುಂಬ ಕೆಳಗೆ, ಯಾರೋ ಕತ್ತಲಲ್ಲಿ ಕೂತು
ಅಕ್ಕಿ ಕೇರುವ ಹಾಗೆ.
ಇರಬಹುದು. ಇಲ್ಲದೆಯೂ ಇರಬಹುದು.
ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ,
ರಸ್ತೆಯ ಮೇಲೆ ಸುಣ್ಣದಲ್ಲಿ ಒಂದು ಸುತ್ತು ಹಾಕಿ
ಸೈಕಲ್ ಹತ್ತಿದರು.

ಬೆಳಿಗ್ಗೆ ಅಗೆಸಬೇಕು.